ಲೆಫ್ಟ್ ಹಾಫ್ ಆಡಿದವಳ ಹೆಸರು

೨೦೧೦ರ ಆಗಸ್ಟ್ ತಿಂಗಳ ಒಂದು ಗುರುವಾರ. ನಾಸಿಕದ ಪಂಚವಟಿ ಕಡೆಯ ನಮ್ಮ ಬಿಲ್ಡಿಂಗಿನಲ್ಲಿ ಎಂದಿನಂತೆ ಐದೂವರೆಗೆ ಎದ್ದೆ. ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯದ ಜೊತೆ ಡಬ್ಬಿ ಕಟ್ಟಿ, ಆರೂ ನಲವತ್ತರ ಬಸ್ಸಿಗೆ ಇವರನ್ನು ಕಳಿಸಿದೆ. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಇವರು ಟೆಕ್ನಿಷಿಯನ್. ಬಾಲ್ಕನಿಯಿಂದ ನಾನು ಕೈ ಎತ್ತುವುದು, ಅಷ್ಟರಲ್ಲಿ ಇವರು ಬಸ್ಸಿನ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿರುವುದು ದಿನದ ಪದ್ಧತಿ. ಮಗಳು ಪುಣೆಯ ಹಾಸ್ಟೆಲ್ಲಿಗೆ ಹೋದ ಮೇಲೆ ಚಹಾದ ಪಾತ್ರೆಯಲ್ಲಿ ಒಂದೇ ಕಪ್ಪಿನಷ್ಟು ನೀರಿಡುವುದನ್ನು ಕಲಿಯಲು ನನಗೆ ತಿಂಗಳುಗಳೇ ಬೇಕಾದವು. ಆ ದಿನವೂ ಅರ್ಧ ಕಪ್ ಹೆಚ್ಚಾಗಿತ್ತು.

ಚಹಾ ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ. ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಬೀದರಿನ ಕಾನ್ವೆಂಟಿನಲ್ಲಿ ಓದಿದ್ದರಿಂದ ನನ್ನ ಇಂಗ್ಲಿಷ್ ತಕ್ಕಮಟ್ಟಿಗಿತ್ತು. ಅದರ ಬಲದ ಮೇಲೆ, ಪುಣೆಯ ಒಬ್ಬ ನಿವೃತ್ತ ಕ್ರೀಡಾ ವರದಿಗಾರರಿಗೆ ಮನೆಯಿಂದಲೇ ಟೈಪಿಂಗ್, ಪ್ರೂಫ್, ಪತ್ರವ್ಯವಹಾರ ಮಾಡಿಕೊಡುತ್ತಿದ್ದೆ. ಮೂರು ವರ್ಷದಲ್ಲಿ ಒಮ್ಮೆಯೂ ಅವರನ್ನು ನೋಡಿದ್ದಿಲ್ಲ. ಫೋನಿನಲ್ಲಿ ಒಂದು ಕೆಮ್ಮು, ಆಮೇಲೆ ಒಂದು ಧ್ವನಿ, ಅಷ್ಟೇ ನನ್ನ ಸಂಪಾದಕರು. ನಮ್ಮ ದೇಶದ ಮಹಿಳಾ ಫುಟ್‌ಬಾಲ್ ತಂಡ ಮೊದಮೊದಲು ಆಡಿದ ಅಂತರರಾಷ್ಟ್ರೀಯ ಪಂದ್ಯಗಳ ದಾಖಲೆ ಪುಸ್ತಕ ತರುವುದು ಅವರ ಆಸೆ. ಪಂದ್ಯಕ್ಕೊಂದು ಪುಟ. ಪುಟದಲ್ಲಿ ಮೈದಾನ, ಗೋಲುಗಳು, ಆಡಿದ ಹನ್ನೊಂದು ಹೆಸರು. ದೇಶಕ್ಕಾಗಿ ಆಡಿದ ಒಂದೊಂದು ಪಂದ್ಯವನ್ನೂ ಆಟಗಾರ್ತಿಯ ಒಂದು 'ಕ್ಯಾಪ್' ಎನ್ನುತ್ತಾರೆ. ಕ್ಯಾಪ್ ಲೆಕ್ಕಕ್ಕೆ ಬರಬೇಕಾದರೆ ಆ ಕಾಲದ ಎರಡು ಲಿಖಿತ ಪುರಾವೆ ಬೇಕು, ಒಂದು ಸಾಲದು. ಇದು ಸಂಪಾದಕರ ನಿಯಮ. ಅದನ್ನು ಅವರಿಗಿಂತ ಬಿಗಿಯಾಗಿ ಪಾಲಿಸುತ್ತಿದ್ದವಳು ನಾನು.

ನಲವತ್ತೊಂದನೆಯ ಪುಟದಲ್ಲಿ ಒಂದು ತೊಡಕಿತ್ತು. ಆ ಪಂದ್ಯದ ಲೆಫ್ಟ್ ಹಾಫ್, ಅಂದರೆ ಮೈದಾನದ ನಡುಸಾಲಿನಲ್ಲಿ ಎಡಗಡೆ ಆಡುವವಳು, ಪತ್ರಿಕೆಯ ತುಣುಕಿನಲ್ಲಿ ಬರೀ 'ಕೆ. ಜಾಧವ್' ಆಗಿದ್ದಳು. ಉಳಿದ ಹತ್ತು ಮಂದಿಯೂ ಅಲ್ಲಿ ಹಾಗೇ ಒಂದಕ್ಷರದವರು. ಅವರ ಪೂರ್ತಿ ಹೆಸರುಗಳನ್ನು ಸಂಪಾದಕರು ವರ್ಷಗಟ್ಟಲೆ ಪತ್ರ ಬರೆದು ಹುಡುಕಿದ್ದರು. ಇವಳೊಬ್ಬಳೇ ಸಿಕ್ಕಿರಲಿಲ್ಲ. 'ಪತ್ತೆಯಾಗಿಲ್ಲ' ಎಂದು ಅಡಿಟಿಪ್ಪಣಿ ಹಾಕಿದ್ದೆ. ಇನ್ನೊಂದು ಕಡತದಲ್ಲಿ, ಆಗ ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರದಿಂದ ಬಂದ ಮರಾಠಿ ಪತ್ರವೊಂದಿತ್ತು. 'ಆ ಪಂದ್ಯದಲ್ಲಿ ಎಡಗಡೆ ನಾನು ಆಡಿದ್ದೇನೆ. ವಸುಧಾ ನಿಂಬಾಳ್ಕರ್.' ಈ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಜೂನ್ ತಿಂಗಳಲ್ಲೇ ನಾನು ನಯವಾದ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೆ: ನಿಮ್ಮ ಹೇಳಿಕೆಗೆ ದಾಖಲೆಗಳ ಬೆಂಬಲವಿಲ್ಲ, ವಿಷಾದಿಸುತ್ತೇವೆ. ಸಹಿ, ಮಹಾದೇವಿ.

ಪುಸ್ತಕ ಶುಕ್ರವಾರ ಬೆಳಿಗ್ಗೆ ಅಚ್ಚಿಗೆ ಹೋಗುವುದಿತ್ತು. ಗುರುವಾರ ಸಂಜೆ ಐದರವರೆಗೆ ಮಾತ್ರ ತಿದ್ದುಪಡಿ. ನಾನು ಕೊನೆಯ ಸಲ ಕಾಮಾ, ಫುಲ್‌ಸ್ಟಾಪ್ ನೋಡುತ್ತಿದ್ದಾಗ ಫೋನ್ ಬಂತು.

"ಶೀಲಾ ಇದ್ದಾಳ?"

"ರಾಂಗ್ ನಂಬರ್," ಎಂದು ಇಟ್ಟುಬಿಟ್ಟೆ.

ರಿಸೀವರಿನ ಮೇಲಿನ ಕೈ ಹಾಗೇ ಉಳಿಯಿತು. ಶೀಲಾ ಅಂದರೆ ನಾನೇ. ಹುಟ್ಟಿದಾಗ ಅಪ್ಪ ಇಟ್ಟ ಹೆಸರು. ಮದುವೆಯ ದಿನ ಅತ್ತೆಯವರು ಮನೆದೇವರ ನೆನಪಿಗೆ ಮಹಾದೇವಿ ಎಂದು ಕರೆದರು, ಅಂದಿನಿಂದ ನಾನು ಅದೇ ಆದೆ. ಮತ್ತೆ ಫೋನ್ ಬಂತು. ಶಾಲೆಯ ಗೆಳತಿ ಲೀನಾ, ಬಿದ್ದು ಬಿದ್ದು ನಗುತ್ತಿದ್ದಳು.

"ನಿನ್ನ ಹೆಸರು ನಿನಗೇ ರಾಂಗ್ ನಂಬರ್ ಏನೇ? ಕೇಳು, ನಮ್ಮ ಹತ್ತನೇ ಕ್ಲಾಸಿಂದು ಗ್ರೂಪ್ ಫೋಟೋ ಕಾನ್ವೆಂಟಿನ ಸಿಸ್ಟರ್ ಕಡೆ ಸಿಕ್ತು. ಕಾಪಿ ಮಾಡ್ಸಿ ಎಲ್ಲಾರಿಗೂ ಕೊರಿಯರ್ ಮಾಡೀನಿ. ಇವತ್ತೋ ನಾಳೆಯೋ ನಿನಗ ಮುಟ್ಟತದ. ಫ್ಲಾಟ್ ನಂಬರ್ ಮರ್ತಿತ್ತು, ಬರೀ ಬಿಲ್ಡಿಂಗ್ ಹೆಸರು ಹಾಕೀನಿ. ನಿನ್ನ ಹೆಸರು ಕೇಳಿದ್ರ ಯಾರಾದ್ರೂ ತೋರಸ್ತಾರಲ್ಲ?"

"ತೋರಸ್ತಾರ," ಎಂದೆ.

ಫೋನ್ ಇಟ್ಟು ಬಂದು ಕುಳಿತಾಗ ಪರದೆಯ ಮೇಲೆ ನಲವತ್ತೊಂದನೆಯ ಪುಟವೇ ತೆರೆದಿತ್ತು. ಕೆ. ಜಾಧವ್. ವಸುಧಾ ನಿಂಬಾಳ್ಕರ್. ಮದುವೆಯಾದರೆ ಅಡ್ಡಹೆಸರು ಬದಲಾಗುತ್ತದೆಂದು ನನಗೆ ಗೊತ್ತಿತ್ತು, ಪಟ್ಟಿ ಹೊಂದಿಸುವಾಗ ಅದನ್ನು ನೋಡುತ್ತಲೂ ಇದ್ದೆ. ಆದರೆ ಮೊದಲ ಅಕ್ಷರ 'ಕೆ' ಅಲ್ಲವಲ್ಲ ಎಂದು ಬಿಟ್ಟಿದ್ದೆ. ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಗಂಡ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಬೇರೆ ಯಾರು ಮರೆತರೂ ನಾನು ಮರೆಯಬಾರದಿತ್ತು.

ಸಂಪಾದಕರಿಗೆ ಫೋನ್ ಮಾಡಿದೆ. ಅವರು ಕೆಮ್ಮಿ, "ಊಹೆ ಚೆನ್ನಾಗಿದೆ. ಊಹೆಯನ್ನು ನಾನು ಅಚ್ಚು ಹಾಕುವುದಿಲ್ಲ. ಐದರೊಳಗೆ ಪುರಾವೆ ಕೊಡಿ," ಎಂದರು. ವಸುಧಾ ನಿಂಬಾಳ್ಕರರ ಪತ್ರದಲ್ಲಿ ಫೋನ್ ನಂಬರ್ ಇರಲಿಲ್ಲ, ವಿಳಾಸ ಮಾತ್ರ ಇತ್ತು. ಇವರಿಗೆ ಕಾರ್ಖಾನೆಗೆ ಫೋನ್ ಮಾಡಿ ಹೇಳಿದೆ. "ಒಂದ್ ಹೆಸರಿನ ಸಲುವಾಗಿ ಔರಂಗಾಬಾದ್ ತನಕ ಹೋಗ್ತಿ?" ಎಂದರು, ಆಮೇಲೆ, "ಛತ್ರಿ ತಗೊಂಡು ಹೋಗು," ಎಂದರು. ಬೀಗದ ಕೈಯನ್ನು ಎದುರು ಮನೆಯ ಶಾಂತಾಬಾಯಿಯವರಿಗೆ ಕೊಟ್ಟೆ. ಆಳಂದದ ಕಡೆಯವರು, ಹನ್ನೊಂದು ವರ್ಷದಿಂದ ಎದುರುಬದುರು ಇದ್ದೇವೆ. ಎಂಟಕ್ಕೆ ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಕುಳಿತಿದ್ದೆ.

ಮದುವೆಯಾದ ಮೇಲೆ ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ವೈಜಾಪುರದಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ವಡಾಪಾವ್ ತಿಂದರು. ನಾನು ಇಳಿಯಲಿಲ್ಲ, ಯಾರಿಗೆ ನನ್ನ ಸೀಟು ನೋಡಿಕೊಳ್ಳಿ ಎನ್ನಲಿ? ಕಿಟಕಿಯ ಗಾಜಿನ ಮೇಲೆ ಮಳೆಹನಿಗಳು ಎರಡೆರಡಾಗಿ ಕೂಡಿ ಇಳಿಯುತ್ತಿದ್ದವು. ಶೀಲಾ, ಶೀಲಾ ಎಂದು ಸಣ್ಣ ಧ್ವನಿಯಲ್ಲಿ ಎರಡು ಸಲ ಹೇಳಿ ನೋಡಿದೆ. ಬೇರೆ ಯಾರನ್ನೋ ಕರೆದಂತಿತ್ತು.

ಮನೆ ಹಳೆಯ ಊರಿನ ಕೋಟೆಯ ಒಂದು ದರವಾಜೆಯ ಹಿಂದಿನ ಗಲ್ಲಿಯಲ್ಲಿತ್ತು. ಮುಟ್ಟಿದಾಗ ಒಂದು ಗಂಟೆ. ಬಾಗಿಲು ತೆಗೆದವಳು ಸೊಸೆ. ನಾನು ಎಲ್ಲಿಂದ ಬಂದೆನೆಂದು ಹೇಳುತ್ತಲೇ ಅವಳ ತುಟಿಯಂಚಿನಲ್ಲಿ ನಗು ಸರಿಯಿತು. ಒಳಗೆ ತಿರುಗಿ ಮರಾಠಿಯಲ್ಲಿ ಕೂಗಿದಳು: "ಆಯೀ, ನಿಮ್ಮ ಇಂಟರ್‌ನ್ಯಾಷನಲ್‌ನವರು ಬಂದಿದ್ದಾರೆ!"

ವಸುಧಾತಾಯಿಗೆ ಐವತ್ತು ದಾಟಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿದ್ದರು. ನಡೆಯುವಾಗ ಎಡಗಾಲಿನ ಮೇಲೆ ಭಾರ ಸ್ವಲ್ಪ ಜಾಸ್ತಿ. ಆ ನಿರಾಕರಣೆಯ ಪತ್ರ ಬರೆದವಳು ನಾನೇ ಎಂದು ಮೊದಲು ಹೇಳಿಕೊಂಡೆ.

"ಓಹೋ, ಮಹಾದೇವಿ ಅಂದರೆ ನೀವೇ? ಇಂಗ್ಲಿಷ್ ಬಹಳ ಚೆನ್ನಾಗಿತ್ತು ಬಾಯೀ," ಎಂದರು. "ಇವಳು ಎಲ್ಲರೂ ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದಳು. ಮಗ ತಿಂಗಳುಗಟ್ಟಲೆ ನಕ್ಕ. ಟಿ.ವಿ.ಯಲ್ಲಿ ಫುಟ್‌ಬಾಲ್ ಬಂದರೆ ಸಾಕು, ನೋಡಿ ಆಯೀ, ನಿಮ್ಮ ಪಾಸ್ ಬಂತು, ಅಂತಾನೆ."

ಮಗ ಹುಟ್ಟುವ ಮೊದಲಿನ ಮಾತು ಅದೆಲ್ಲ. ಗಂಡನ ಮನೆಯಲ್ಲಿ ಚಡ್ಡಿ ಹಾಕಿ ಓಡಿದ್ದು ಹೇಳುವಂಥ ವಿಷಯವಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ, ಪತ್ರಿಕೆಯಲ್ಲಿ ಹಳೆಯ ಆಟಗಾರ್ತಿಯರು ಬರೆಯಿರಿ ಎಂಬ ನಮ್ಮ ಪ್ರಕಟಣೆ ನೋಡಿ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವರು ಬಾಯಿ ಬಿಟ್ಟಿದ್ದರು. ಕೂಡಲೇ ನನ್ನ ಪತ್ರ ಹೋಗಿ ಅವರನ್ನು ಸುಳ್ಳಿಯನ್ನಾಗಿ ಮಾಡಿತ್ತು.

"ನಿಮ್ಮ ತವರಿನ ಹೆಸರು?" ಎಂದು ಕೇಳಿದೆ.

ಅವರು ಸೊಸೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ಕುಸುಮ್. ಕುಸುಮ್ ಜಾಧವ್," ಎಂದರು.

"ಪತ್ರದಲ್ಲಿ ಯಾಕೆ ಬರೆಯಲಿಲ್ಲ?"

"ಬರೆಯಲು ಹೋದರೆ ಆ ಹೆಸರು ಕೈಗೆ ಬರಲಿಲ್ಲ ಬಾಯೀ."

ಪುರಾವೆ? ಪಾಸ್‌ಪೋರ್ಟನ್ನು ಯಾವಾಗಲೋ ರದ್ದಿಗೆ ಹಾಕಿದ್ದರು. ಟ್ರ್ಯಾಕ್‌ಸೂಟ್ ಕೌದಿಯ ಪದರಾಗಿತ್ತು. ತಂಡದ ಫೋಟೋ ತವರಿನ ಗೋಡೆಯ ಜೊತೆ ಒಂದು ಮಳೆಗಾಲದಲ್ಲಿ ಹೋಯಿತು. ಒಂದೊಂದನ್ನೇ ಹೇಳುತ್ತ ಅವರು ಬೆರಳು ಮಡಚುತ್ತ ಹೋದರು, ಕೈ ಮುಷ್ಟಿಯಾಯಿತು. ಗಡಿಯಾರ ಎರಡು ತೋರಿಸುತ್ತಿತ್ತು. ಸೊಸೆ ಭಾಕರಿ ರೊಟ್ಟಿ ಮಾಡಲು ಎದ್ದಳು. ಸುಮ್ಮನೆ ಕೂಡಲಾಗದೆ ನಾನೂ ಅವಳ ಹಿಂದೆ ಅಡಿಗೆಮನೆಗೆ ಹೋದೆ.

ಮೂಲೆಯಲ್ಲಿ ದೊಡ್ಡ ಸ್ಟೀಲಿನ ಹಿಟ್ಟಿನ ಡಬ್ಬಿ. ಸೊಸೆ ಸಜ್ಜೆ ಹಿಟ್ಟು ತೆಗೆಯಲು ಅದನ್ನು ಮುಂದಕ್ಕೆಳೆದಾಗ ಡಬ್ಬಿ ಅರ್ಧ ತಿರುಗಿತು. ಗೋಡೆಗೆ ಮುಖ ಮಾಡಿದ್ದ ಬದಿಯಲ್ಲಿ ಅಂಗಡಿಯವರು ಮೊಳೆಯಿಂದ ಕುಟ್ಟಿ ಬರೆಯುವ ಚುಕ್ಕೆ ಅಕ್ಷರಗಳು ಕಂಡವು. ಉಡುಗೊರೆಯ ಪಾತ್ರೆಯ ಮೇಲೆ ಹೆಸರು ಹಾಕಿಸುವುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಆದರೆ ಸಾಮಾನ್ಯವಾಗಿ ಎರಡು ಸಾಲು. ಇಲ್ಲಿ ಸಾಲುಗಳು ಡಬ್ಬಿಯ ಬುಡದವರೆಗೂ ಇಳಿದಿದ್ದವು. ಸೆರಗಿನಿಂದ ಒರೆಸಿದೆ.

'ಸೌ. ವಸುಧಾ ನಿಂಬಾಳ್ಕರ್, ನಮ್ಮ ಕುಸುಮ್ ಜಾಧವ್, ಲೆಫ್ಟ್ ಹಾಫ್‌ಗೆ, ಉಳಿದ ಹತ್ತು ಮಂದಿಯಿಂದ.' ಕೆಳಗೆ ತಾರೀಖು. ಅದರ ಕೆಳಗೆ ಹತ್ತು ಹೆಸರು.

"ಮದುವೆಯ ಮೂರನೆಯ ದಿನ ಸತ್ಯನಾರಾಯಣ ಪೂಜೆಗೆ ಬಂದಿದ್ದರು," ಬಾಗಿಲಲ್ಲಿ ನಿಂತು ವಸುಧಾತಾಯಿ ಹೇಳಿದರು. "ಬಂದವರು ಇಬ್ಬರೇ. ನನ್ನ ಹೊಸ ಹೆಸರು ಕೇಳಿಕೊಂಡು ಹೋಗಿ ಅಂಗಡಿಯಲ್ಲಿ ಎಲ್ಲರ ಹೆಸರೂ ಹಾಕಿಸಿಕೊಂಡು ಬಂದರು. ಈ ಕಡೆ ಗೋಡೆಗಿರಲಿ ಅಂದರು ಅತ್ತೆ. ಅತ್ತೆ ತೀರಿಕೊಂಡ ಮೇಲೂ ನಾನು ಹಾಗೇ ಇಟ್ಟೆ. ಹಿಟ್ಟಿನ ಡಬ್ಬಿಯನ್ನು ಯಾರು ಪುರಾವೆ ಅಂತಾರೆ?"

ಮೊಬೈಲಿನಿಂದ ಪುಣೆಗೆ ಫೋನ್ ಮಾಡಿದೆ. ಡಬ್ಬಿ ಎಂದ ಕೂಡಲೇ ಸಂಪಾದಕರು, "ಪಾತ್ರೆ ಸಾಮಾನು ದಾಖಲೆಯೇ?" ಎಂದು ಗದರಿದರು. ಆ ಕಾಲದ್ದೇ, ತಾರೀಖೂ ಇದೆ, ಪತ್ರಿಕೆಯ ತುಣುಕು ಒಂದಾದರೆ ಇದು ಎರಡನೆಯ ಪುರಾವೆ ಎಂದೆ. "ಗೋಲ್‌ಕೀಪರ್ ಯಾರು, ಓದಿ," ಎಂದರು. ಓದಿದೆ. ಆ ಬದಿಯಲ್ಲಿ ಕಾಗದ ಮಗುಚಿದ ಸದ್ದು. "ಮುಂದಿನದು." ಮಂಡಿಯೂರಿ, ತಲೆ ಬಗ್ಗಿಸಿ, ಹತ್ತೂ ಓದಿದೆ. ಪತ್ರಿಕೆಯಲ್ಲಿ ಒಂದಕ್ಷರವಾಗಿದ್ದ, ಅವರು ಹುಡುಕಿ ಹುಡುಕಿ ಕಲೆಹಾಕಿದ್ದ, ಇನ್ನೂ ಎಲ್ಲೂ ಅಚ್ಚಾಗದ ಹೆಸರುಗಳು ಅವು. ಹತ್ತೂ ಕೂಡಿದವು.

"ಯಾವ ಹೆಸರು ಹಾಕಲಿ, ಕೇಳಿ," ಎಂದರು ಸಂಪಾದಕರು.

ಕೇಳಿದೆ. "ಕುಸುಮ್ ಅಂತಲೇ. ಆಡಿದವಳು ಅವಳು," ಎಂದರು ವಸುಧಾತಾಯಿ. ನಾನು ಫೋನ್ ಬಾಯಿಗೆ ತರುವಷ್ಟರಲ್ಲಿ ಸೊಸೆಯ ಕಡೆ ನೋಡಿ, "ಕಂಸದಲ್ಲಿ ಈ ಹೆಸರೂ ಇರಲಿ. ಇಲ್ಲದಿದ್ದರೆ ಇವಳಿಗೆ ಏನು ತೋರಿಸಲಿ?" ಎಂದರು.

ಸೊಸೆ ಐದು ವರ್ಷದಿಂದ ದಿನಾ ಹಿಟ್ಟು ತೆಗೆದ ಡಬ್ಬಿಯ ಮುಂದೆ ಕುಳಿತು, ಹಿಟ್ಟಿನ ಬೆರಳಿನಿಂದ ಒಂದೊಂದೇ ಹೆಸರು ಮುಟ್ಟುತ್ತ ಬಂದಳು. ಕೊನೆಗೆ, "ಆಯೀ, ಲೆಫ್ಟ್ ಹಾಫ್ ಅಂದರೆ ಏನು?" ಎಂದಳು. ವಸುಧಾತಾಯಿ ಬುಟ್ಟಿಯಿಂದ ಹನ್ನೊಂದು ಈರುಳ್ಳಿ ತೆಗೆದು ನೆಲದ ಮೇಲೆ ಸಾಲಾಗಿ ಇಡತೊಡಗಿದರು. ನಾನು ಹೊರಟೆ ಎಂದಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೂರರ ಬಸ್ಸಿಗೆ ಬಂದೆ.

ಆಮೇಲೆ ಇನ್ನೂ ಆರು ವರ್ಷ ಆ ಕೆಲಸ ಮಾಡಿದೆ. ಕೆಲಸ ಕಲಿಸಿದ್ದು ಇಷ್ಟು: ಒಬ್ಬ ಹೆಣ್ಣುಮಗಳ ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ, ಅವಳಿಲ್ಲ ಎಂದು ಬರೆಯುವ ಮೊದಲು, ತವರಿನಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಬೇಕು. ಆಮೇಲಿನ ಎಲ್ಲ ಪತ್ರಗಳಲ್ಲಿ ಅದೇ ನನ್ನ ಮೊದಲ ಪ್ರಶ್ನೆಯಾಯಿತು.

ಅಂದು ನಾಸಿಕಕ್ಕೆ ಬಂದಿಳಿದಾಗ ಏಳೂವರೆ. ಇವರಿಗೆ ಓವರ್‌ಟೈಮ್ ಇತ್ತೇನೋ, ನಮ್ಮ ಮನೆಯ ಕಿಟಕಿಯಲ್ಲಿ ದೀಪವಿರಲಿಲ್ಲ. ಮೆಟ್ಟಿಲು ಹತ್ತುವಾಗ ಯಾರಿಗಾದರೂ ಎಲ್ಲವನ್ನೂ ಹೇಳಬೇಕೆನಿಸಿತ್ತು. ಬೀಗದ ಕೈಗೆಂದು ಶಾಂತಾಬಾಯಿಯವರ ಬೆಲ್ ಒತ್ತಿದೆ. ಅವರು ಒಂದು ಕಣ್ಣು ಟಿ.ವಿ. ಕಡೆಗೇ ಇಟ್ಟುಕೊಂಡು ಬಂದು, ಕೀಲಿ ನನ್ನ ಅಂಗೈಯಲ್ಲಿಟ್ಟರು.

"ಬಂದ್ರೇನ್ರೀ ಮಾದೇವಕ್ಕ? ಮಳಿ ಇತ್ತೇನ್ರಿ ಆ ಕಡಿ? ಹಾಂ, ಮಧ್ಯಾಹ್ನ ಕೊರಿಯರ್‌ದಾಂವ ಒಬ್ಬ ಬಂದಿದ್ದ ನೋಡ್ರಿ, ಯಾರೋ ಶೀಲಾ ಅಂತ ಕೇಳ್ಕೋತ. ಹನ್ನೊಂದು ವರ್ಷ ಆತು ನಾ ಇಲ್ಲಿ ಇರ್ಲಿಕ್ಕತ್ತು, ನಮ್ಮ ಬಿಲ್ಡಿಂಗ್‌ನ್ಯಾಗ ಅಂಥಾಕಿ ಯಾರೂ ಇಲ್ಲೋ ಯಪ್ಪಾ ಅಂತ ಹೇಳಿ ವಾಪಸ್ ಕಳಿಸ್ದೆ."