ಎಡಗಾಲಿನ ಶೂ ತುದಿ ಸವೆದದ್ದು

ಓಡುವವರ ಪೈಕಿ ಹಿಮ್ಮಡಿ ಮೇಷ್ಟ್ರು ಎಂದರೆ ಗೊತ್ತಿಲ್ಲದವರಿಲ್ಲ. ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ, ಓಟದ ಶೂ ಮಾರುವ ಅಂಗಡಿಯವನು. ಗಿರಾಕಿ ಹೊಸ್ತಿಲು ದಾಟಿದ ಕೂಡಲೇ ಮುಖ ನೋಡುವುದು ಬಿಟ್ಟು ಹಿಮ್ಮಡಿ ನೋಡುತ್ತಿದ್ದ, ಆಮೇಲೆ ಕೇಳಲಿ ಬಿಡಲಿ ಬುದ್ಧಿ ಹೇಳುತ್ತಿದ್ದ. ಆ ಹೆಸರು ಬಂದದ್ದು ಹಾಗೆ. ಅಂಗಡಿಯೋ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಕಿರಿದು. ನೆಲದಿಂದ ಸೂರಿನವರೆಗೆ ಡಬ್ಬ, ನಡುವೆ ಒಂದು ಉದ್ದನೆಯ ಬೆಂಚು, ಕಾಲಿನ ಅಳತೆ ತೆಗೆಯುವ ಮರದ ಹಲಗೆ, ರಬ್ಬರು ಮತ್ತು ಗೋಂದಿನ ವಾಸನೆ.

ಹಳೇ ಶೂ ತಾರದೆ ಅಲ್ಲಿ ಹೊಸ ಶೂ ಕೇಳುವಂತಿರಲಿಲ್ಲ. ತಂದದ್ದನ್ನು ಮಗುಚಿ ಹಾಕಿ, ಅಡಿ ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ನೋಡುತ್ತಿದ್ದ. ಬಣ್ಣ ನೋಡಿ ಕೈ ಹಾಕಿದವರಿಗೆ ಮಂಗಳಾರತಿ ಖಂಡಿತ. "ಬಣ್ಣ ಓಡಲ್ಲ ಸ್ವಾಮಿ, ಓಡೋದು ಕಾಲು. ದಿನಾ ಓಡೋಕೆ ಒಂದು ಜೋಡಿ ಬೇಕು, ಅದು ದಪ್ಪಗಿರಲಿ, ಏಟು ತಿನ್ನಲಿ. ರೇಸಿಗೆ ಇನ್ನೊಂದು, ಅದು ಹಗುರ. ಅದನ್ನೂ ಮುಂಚೆನೇ ನಾಲ್ಕಾರು ಸಲ ಹಾಕ್ಕೊಂಡು ಪಳಗಿಸಿ. ರೇಸಿನ ದಿನವೇ ಡಬ್ಬ ಬಿಚ್ಚೋರಿಗೆ ಮೆಡಲ್ ಸಿಗುತ್ತೋ ಇಲ್ವೋ, ಕಾಲಲ್ಲಿ ಗುಳ್ಳೆ ಮಾತ್ರ ಸಿಗುತ್ತೆ." ಬೆಳಿಗ್ಗೆ ಬಂದವರನ್ನು ಸಂಜೆ ಬನ್ನಿ ಎಂದು ಕಳಿಸುವುದೂ ಇತ್ತು, ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ, ಆಗ ತೆಗೆದ ಅಳತೆಯೇ ಸರಿ. ಇಂಥವನ ಅಂಗಡಿ ಹೇಗೆ ನಡೆಯುತ್ತಿತ್ತು ಎಂದು ಕೇಳಬೇಡಿ. ಬೈಸಿಕೊಳ್ಳಲು ಇಷ್ಟಪಡುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ.

ಅವನದ್ದೊಂದು ಹಟವಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಎಲ್ಲರೂ ನಗುತ್ತಾರಲ್ಲ, ಮೇಷ್ಟ್ರು ಮಾತ್ರ ಆ ಹೆಂಗಸಿನ ಪರ. "ನೆಲ ನಿಜವಾಗ್ಲೂ ಡೊಂಕಿತ್ತೋ ಏನೋ, ಯಾರಾದ್ರೂ ಹೋಗಿ ನೋಡಿದ್ರಾ?" ಎನ್ನುತ್ತಿದ್ದ. ಮಂಡಿ ನೋವು ಎಂದು ಬಂದರೂ ಸೊಂಟ ಹಿಡಿದಿದೆ ಎಂದು ಬಂದರೂ ಅವನು ತಪ್ಪು ಹುಡುಕುತ್ತಿದ್ದುದು ಶೂನಲ್ಲಿ, ಕಾಲಿನಲ್ಲಲ್ಲ. ಹತ್ತರಲ್ಲಿ ಎಂಟು ಸಲ ಅವನು ಹೇಳಿದ್ದೇ ಸರಿಯಾಗುತ್ತಿತ್ತು. ಮನುಷ್ಯನನ್ನು ಕೆಡಿಸಲು ಅಷ್ಟು ಸಾಕು.

ಮೇಷ್ಟ್ರಿಗೆ ತನ್ನವರು ಅಂತ ಇದ್ದವಳು ತಂಗಿ ಒಬ್ಬಳೇ. ತಾಯಿ ಹೋದಾಗ ಅವಳಿನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ; ಇವನೇ ಸಿಕ್ಕು ಬಿಡಿಸಿ, ಅಳಿಸಿ, ನಗಿಸಿ ದೊಡ್ಡವಳನ್ನಾಗಿ ಮಾಡಿದ. ಈಗ ಅವಳು ಸಿದ್ಧ ಉಡುಪುಗಳ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಉದ್ದವಾದ ಪ್ಯಾಂಟು ಮಡಿಸಿ ಹೊಲಿಯುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ಗುಂಡಿ ಹಾಕುವುದು ಮಾಡುತ್ತಿದ್ದಳು. ಗಂಡ ಲಿಫ್ಟ್ ರಿಪೇರಿಯವನು, ಮಾತು ಕಡಿಮೆ. ಮಕ್ಕಳಿಲ್ಲ. ದಿನವಿಡೀ ಬಗ್ಗಿ ಕೂತು ಬೆನ್ನು ಹಿಡಿಯುತ್ತದೆ ಎಂದು ಅವಳು ಗೊಣಗಿದಾಗ ಅಣ್ಣನೇ ಒಂದು ಜೋಡಿ ಶೂ ತಂದುಕೊಟ್ಟು ಮೈದಾನಕ್ಕೆ ಅಟ್ಟಿದ್ದ. ಮೊದಮೊದಲು ನಾಚಿಕೊಂಡು ಗೋಡೆ ಪಕ್ಕದಲ್ಲೇ ಓಡಿದಳು. ಆಮೇಲೆ ಹಿಡಿಯುವವರಿಲ್ಲ.

ಹೋದ ವರ್ಷ ಊರಿನ ಅರ್ಧ ಮ್ಯಾರಥಾನ್‌ನಲ್ಲಿ ಕೊನೆಯ ಏರಿನ ಹತ್ತಿರ ಅವಳು ನಿಂತುಬಿಟ್ಟಿದ್ದಳು. ಏದುಸಿರು ಹತ್ತಿ, ಸೊಂಟಕ್ಕೆ ಕೈ ಕೊಟ್ಟು, ಉಳಿದದ್ದನ್ನು ನಡೆದೇ ಮುಗಿಸಿದ್ದಳು. ಅದು ಅವಳ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. "ಈ ಸಲ ಎಲ್ಲೂ ನಿಲ್ಲಲ್ಲ ಅಣ್ಣ. ತೆವಳಿಕೊಂಡಾದ್ರೂ ಸರಿ, ಓಡಿಕೊಂಡೇ ಮುಗಿಸ್ತೀನಿ," ಎಂದಳು.

"ತೆವಳಿಕೊಂಡು ಓಡೋದು ಹೇಗೆ ಅಂತ ಮೊದಲು ತೋರಿಸು ಪುಟ್ಟಿ, ಆಮೇಲೆ ಅದಕ್ಕೊಂದು ಶೂ ಹುಡುಕೋಣ," ಎಂದ ಅವನು. ನಕ್ಕರು. ಆದರೆ ಆ ಓಟವನ್ನು ಅವಳಿಗಿಂತ ಹೆಚ್ಚಾಗಿ ತಲೆಗೆ ಹಚ್ಚಿಕೊಂಡವನು ಅವನೇ.

ಅಭ್ಯಾಸ ಶುರುವಾಗಿ ಕೆಲವು ವಾರಕ್ಕೆ ಅವಳು ಹಳೇ ಶೂ ತಂದು ಬೆಂಚಿನ ಮೇಲಿಟ್ಟಳು. ಎಡಗಾಲಿನದರ ತುದಿ, ಬೆರಳಿನ ಕಡೆ, ಕೆರೆದಂತೆ ಸವೆದಿತ್ತು. ಬಲಗಾಲಿನದು ಸರಿಯಾಗಿತ್ತು.

"ಎಡವ್ತಿದೀಯಾ?"

"ಒಂದೊಂದ್ಸಲ. ಸುಸ್ತಾದಾಗ."

ಮೇಷ್ಟ್ರು ಮುಂಭಾಗ ಒತ್ತಿ ನೋಡಿದ. "ಉದ್ದ ಜಾಸ್ತಿ ಆಯ್ತು. ತಪ್ಪು ನಂದೇ, ಅರ್ಧ ಸೈಜು ಕಡಿಮೆ ಕೊಡಬೇಕಿತ್ತು," ಎಂದು ಬೇರೆ ಕೊಟ್ಟ. ಹತ್ತು ಹದಿನೈದು ದಿನ ಚೆನ್ನಾಗಿತ್ತು. ಮತ್ತೆ ಅದೇ ತುದಿ ಸವೆಯಿತು. ಅಡಿ ತೀರಾ ದಪ್ಪವಾಯಿತು ಎಂದ; ತೆಳ್ಳನೆಯದು ಬಂತು. ಅದೂ ಸವೆದಾಗ ಮುಂಭಾಗ ಮೇಲಕ್ಕೆ ಬಾಗಿರುವ ಜಾತಿಯದು ಬೇಕು ಎಂದು ದೂರದಿಂದ ತರಿಸಿದ. ಕೊನೆಗೆ, ತನ್ನ ಉಪದೇಶವನ್ನೆಲ್ಲ ತಾನೇ ಗಾಳಿಗೆ ತೂರಿ, ರೇಸಿಗೆಂದು ಎತ್ತಿಟ್ಟಿದ್ದ ಹಗುರ ಜೋಡಿಯನ್ನೇ ದಿನಾ ಹಾಕಿಕೋ ಎಂದ. ಅದರಲ್ಲಿ ಅವಳು ಹಕ್ಕಿಯ ಹಾಗೆ ಓಡಿದಳು. ಮೇಷ್ಟ್ರು ಗೆದ್ದೆ ಎಂದು ಬೀಗಿದ. ತೂಕ ಕಡಿಮೆಯಾದದ್ದಕ್ಕೆ ಸೋಲುತ್ತಿದ್ದ ಕಾಲು ಇನ್ನಷ್ಟು ದಿನ ಎದ್ದಿತು, ಅಷ್ಟೇ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯದನ್ನು ತೋರಿಸುವವರು ಯಾರು?

ಆ ದಿನಗಳಲ್ಲಿ ಅವಳು ವಾರವಾರವೂ ಅಂಗಡಿಗೆ ಬರುತ್ತಿದ್ದಳು. ಬೆಂಚಿನ ಮೇಲೆ ಕೂತು ಕಾಲು ಮುಂದೆ ಚಾಚಿ, "ಲೇಸ್ ನೀನೇ ಕಟ್ಟು," ಎನ್ನುತ್ತಿದ್ದಳು. ಅವನು ಮಂಡಿಯೂರಿ ಕಟ್ಟುತ್ತಿದ್ದ. ಇಷ್ಟು ದೊಡ್ಡವಳಾದರೂ ಅಣ್ಣನ ಹತ್ತಿರ ಮುದ್ದು ಹೋಗಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಹಿಗ್ಗು. ಬಿಗಿಯಾಯಿತಾ, ಸಡಿಲವಾಯಿತಾ ಎಂದು ಕೇಳಿ ಕೇಳಿ ಕಟ್ಟುತ್ತಿದ್ದ.

ರೇಸಿಗೆ ತಿಂಗಳಿದೆ ಎನ್ನುವಾಗ ಅವಳು ಮೈದಾನದಲ್ಲಿ ಮುಗ್ಗರಿಸಿ ಬಿದ್ದು ಗದ್ದ ಒಡೆದುಕೊಂಡಳು. ಮರುದಿನ ಅವಳ ಗಂಡ ಅಂಗಡಿಗೆ ಬಂದ. ಸಲಕರಣೆಯ ಚೀಲ ಹೆಗಲ ಮೇಲೇ ಇತ್ತು, ಕೆಳಗಿಡಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಶುರು ಮಾಡಿದ: "ಗೊತ್ತಾಯ್ತು ಭಾವ, ಆ ಶೂದು ಹಿಡಿತ ಸಾಲದು. ಒದ್ದೆ ನೆಲದಲ್ಲಿ ಜಾರುತ್ತೆ. ನಾಳೆ ಬೇರೆ..."

"ಭಾವ," ಎಂದ ತಂಗಿಯ ಗಂಡ. "ಮನೇಲಿ ಬರಿಗಾಲಲ್ಲೂ ಎಡವ್ತಾಳೆ."

ಮೇಷ್ಟ್ರು ಕೈಯಲ್ಲಿದ್ದ ಡಬ್ಬವನ್ನು ಬೆಂಚಿನ ಮೇಲಿಟ್ಟ. ಅಷ್ಟು ತಿಂಗಳು ಅವಳ ಶೂ ನೋಡಿದ್ದ, ಶೂ ಒಳಗಿನ ಅಟ್ಟೆ ನೋಡಿದ್ದ, ಹೊಲಿಗೆ ನೋಡಿದ್ದ. ಶೂ ಬಿಚ್ಚಿ ಅವಳು ನಡೆಯುವುದನ್ನು ಒಂದು ಸಲವೂ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಅವತ್ತು ಸಂಜೆ ಅವಳನ್ನು ಕರೆಸಿ, ಬಾಗಿಲು ಮುಚ್ಚಿ, ಡಬ್ಬಗಳ ನಡುವಿನ ದಾರಿಯಲ್ಲಿ ಬರಿಗಾಲಲ್ಲಿ ನಡೆಸಿದ. ಬಲ ಪಾದ ಸದ್ದಿಲ್ಲದೆ ಊರಿತು. ಎಡ ಪಾದ ಪಟ್ ಎಂದು ಬಿತ್ತು. ಬೆರಳು ಮೇಲಕ್ಕೇಳುತ್ತಲೇ ಇರಲಿಲ್ಲ. ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿದ್ದ ಪಾದವನ್ನು ಅವಳು ಮಂಡಿಯಿಂದ ಎತ್ತಿ ಎತ್ತಿ ಹಾಕುತ್ತಿದ್ದಳು. ಅಂಗಡಿಯ ಕೊನೆ ಮುಟ್ಟಿ ಅವಳು ತಿರುಗಿದಳು. ಅಣ್ಣನ ಮುಖ ನೋಡಿದಳು.

ನರದ ಡಾಕ್ಟರು ಸೂಜಿ ಚುಚ್ಚಿ, ತಂತಿ ಹಚ್ಚಿ, ಎಲ್ಲ ನೋಡಿ, ಮೇಜಿನ ಮೇಲೆ ಕೈ ಜೋಡಿಸಿಕೊಂಡು ಹೇಳಿದರು. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತಿವೆ. ಮೊದಲು ಕೈಕಾಲು, ಆಮೇಲೆ ಮಾತು, ಉಸಿರು. ನಿಲ್ಲಿಸುವ ಔಷಧ ಇಲ್ಲ.

"ನಾಲ್ಕು ತಿಂಗಳು ಮುಂಚೆ ಬಂದಿದ್ರೆ?" ಎಂದು ಮೇಷ್ಟ್ರು ಕೇಳಿದ.

"ಮುಂಚೆ ಗೊತ್ತಾಗ್ತಿತ್ತು, ಅಷ್ಟೇ," ಎಂದರು ಡಾಕ್ಟರು.

ಅವರು ಸಮಾಧಾನಕ್ಕೆಂದು ಹೇಳಿದ ಮಾತು ಅದು. ಅವನಿಗೆ ಸಮಾಧಾನವಾಗಲಿಲ್ಲ. ತಪ್ಪು ಮಾಡಿದೆ ಎಂದು ಅಳಲೂ ಆಗದ, ಮಾಡಿಲ್ಲ ಎಂದು ನೆಮ್ಮದಿಯಿಂದ ಇರಲೂ ಆಗದ ಸ್ಥಿತಿಯಲ್ಲಿ ಮನುಷ್ಯ ಒಳಗೇ ಕೊರಗುತ್ತಾನೆ. ರೇಸಿನ ದಿನ ಅವನು ಅಂಗಡಿ ತೆರೆಯಲಿಲ್ಲ. ತಂಗಿಯ ಮನೆಗೆ ಹೋಗಿ ಕಿಟಕಿಗಳನ್ನೆಲ್ಲ ಹಾಕಿದ, ಬೀದಿಯಲ್ಲಿ ಹಾದುಹೋಗುವ ಓಟದ ಕೂಗು ಕೇಳಿಸದಿರಲಿ ಎಂದು. "ಸೆಕೆ ಆಗ್ತಿದೆ, ತೆಗಿ ಅಣ್ಣ," ಎಂದು ಅವಳೇ ತೆಗೆಸಿದಳು.

ಆಮೇಲೆ ಅಂಗಡಿಯಲ್ಲಿ ಮೇಷ್ಟ್ರು ಮೇಷ್ಟ್ರಾಗಿ ಉಳಿಯಲಿಲ್ಲ. ಹಳೇ ಶೂ ತಂದುಕೊಟ್ಟರೆ ಮಗುಚಿ ನೋಡದೆ ಪಕ್ಕಕ್ಕಿಡುತ್ತಿದ್ದ. ಯಾರನ್ನು ಕಂಡರೂ ಶೂ ಬಿಚ್ಚಿ ನಡೀರಿ ಎನ್ನುವುದು, ಡಾಕ್ಟರಿಗೆ ತೋರಿಸಿದ್ರಾ ಎನ್ನುವುದು. ಪಾಪ, ಬರೀ ಲೇಸ್ ಕೊಳ್ಳಲು ಬಂದ ಬ್ಯಾಂಕಿನವನೊಬ್ಬ ಹೆದರಿ ನರದ ಡಾಕ್ಟರ ಬಳಿ ಹೋಗಿ, ಏನೂ ಇಲ್ಲವೆಂದು ತಿಳಿದು, ವಾಪಸು ಬಂದು ಜಗಳವಾಡಿದ. ಮೇಷ್ಟ್ರು ಅವನ ಎರಡೂ ಕೈ ಹಿಡಿದುಕೊಂಡು, "ಏನೂ ಇಲ್ವಾ? ಏನೂ ಇಲ್ವಾ?" ಎಂದು ಅತ್ತುಬಿಟ್ಟ. ಜಗಳಕ್ಕೆ ಬಂದವನು ಕಕ್ಕಾಬಿಕ್ಕಿಯಾಗಿ ಅವನಿಗೇ ನೀರು ತಂದುಕೊಟ್ಟ.

ತಂಗಿ ಹಾಸಿಗೆ ಹಿಡಿದಳು. ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮೇಷ್ಟ್ರು ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ, ತಲೆ ಬಾಚುತ್ತಿದ್ದ. ಅವಳ ಮಾತು ಆಗಲೇ ತೊದಲುತ್ತಿತ್ತು, ಹತ್ತಿರ ಕಿವಿಯಿಟ್ಟರೆ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ.

"ಪುಟ್ಟಿ, ನಾನು ನಿನಗೆ ಮೋಸ ಮಾಡಿದೆ ಕಣೆ. ಕಾಲು ನೋಡೋದು ಬಿಟ್ಟು ಶೂ ನೋಡ್ತಾ ಕೂತೆ. ಎಂಥಾ ಕುರುಡ ನಾನು!"

ಅವಳು ನಿಧಾನವಾಗಿ, ಒಂದೊಂದೇ ಮಾತನ್ನು ಎತ್ತಿಡುತ್ತಾ ಹೇಳಿದಳು. "ಮೊದಲು ಹೋಗಿದ್ದು ಕಾಲಲ್ಲ ಅಣ್ಣ. ಕೈ. ಸೂಜಿ ಹಿಡಿಯೋಕೆ ಆಗ್ತಿರ್ಲಿಲ್ಲ. ಗುಂಡಿ ಹಾಕೋ ಕೆಲಸ ಎಲ್ಲ ಪಕ್ಕದವಳಿಗೆ ಕೊಡ್ತಿದ್ದೆ. ಲೇಸ್ ಕಟ್ಟು ಅಂತಿದ್ದೆನಲ್ಲ ನಾನು, ಮುದ್ದಿಗಲ್ಲ. ಬೆರಳು ಬರ್ತಿರ್ಲಿಲ್ಲ."

"ಗೊತ್ತಿತ್ತಾ ನಿನಗೆ? ಮತ್ತೆ ಯಾಕೆ ಹೇಳ್ಲಿಲ್ಲ?"

"ಶೂ ಮಾಡಿದ ತಪ್ಪಲ್ಲ ಅಂತ ಗೊತ್ತಿತ್ತು. ಏನು ಅಂತ ಗೊತ್ತಿರ್ಲಿಲ್ಲ. ಬೇರೆಯವರ ಹತ್ರ ಹೋದ್ರೆ ಏನೋ ಹೇಳಿಬಿಡ್ತಾರೆ ಅಂತ ಭಯ. ನಿನ್ ಹತ್ರ ಬಂದ್ರೆ, ಉದ್ದ ಜಾಸ್ತಿ, ದಪ್ಪ ಜಾಸ್ತಿ ಅಂತಿದ್ದೆ ನೀನು. ಒಂದು ವಾರ ಚೆನ್ನಾಗಿ ನಿದ್ದೆ ಬರ್ತಿತ್ತು. ಬೆಳಿಗ್ಗೆ ಎದ್ದು ಓಡ್ತಿದ್ದೆ." ಉಸಿರು ಎಳೆದುಕೊಂಡಳು. "ನನ್ನ ಬೇಗ ಡಾಕ್ಟರ ಹತ್ರ ಕಳಿಸಿದ್ದಿದ್ರೆ ಆ ನಾಲ್ಕು ತಿಂಗಳು ಹಾಸಿಗೆ ಮೇಲೆ ಕೂತು ಅಳ್ತಿದ್ದೆ. ಓಡಿಸಿದೆಯಲ್ಲ ನೀನು. ಸಾಕು ಬಿಡು."

ಅವನು ಅವಳ ಕೈ ಹಿಡಿದುಕೊಂಡ. ಆ ಕೈಗೆ ತಿರುಗಿ ಹಿಡಿಯುವ ಶಕ್ತಿ ಇರಲಿಲ್ಲ. ಬೀದಿಯಲ್ಲಿ ಯಾರೋ ಗಾಡಿ ನಿಲ್ಲಿಸಿ ಯಾರನ್ನೋ ಕೂಗುತ್ತಿದ್ದರು.

"ಅಣ್ಣ," ಎಂದಳು ಅವಳು. "ಮುಂದಿನ ಸಲ ಯಾವ್ದು ತರಿಸ್ತೀಯ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ಹಾಸಿಗೆಯ ಕೊನೆಗೆ ಹೋದ. ಹೊದಿಕೆ ಸರಿಸಿ ಅವಳ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು, ಅಂಗಡಿಯಲ್ಲಿ ಕೂತಂತೆಯೇ ಮಂಡಿಯೂರಿ ಕೂತು, ಹಿಮ್ಮಡಿಯಿಂದ ಬೆರಳಿನ ತುದಿಯವರೆಗೆ ಗೇಣು ಹಾಕಿ ಅಳೆದ.

"ಮುಂದೆ ಅಗಲ ಇರೋದು ಬೇಕು ನಿನಗೆ," ಎಂದ. "ನಿನ್ನ ಕಿರುಬೆರಳು ಹೊರಗೆ ತಿರುಗಿದೆ, ಇದುವರೆಗೂ ನಾನು ಅದನ್ನ ನೋಡೇ ಇರಲಿಲ್ಲ. ಹಿಮ್ಮಡಿ ಹತ್ರ ಬಿಗಿ ಇರಲಿ. ಮೇಲೆ ತೆಳ್ಳಗೆ ಬಲೆ ಥರ ಬಟ್ಟೆ, ಗಾಳಿ ಆಡಬೇಕು. ತೂಕ ಇರಬಾರದು. ಹಾಕ್ಕೊಂಡಿದೀನಿ ಅಂತಲೇ ಗೊತ್ತಾಗಬಾರದು, ಅಂಥದ್ದು."

"ಅದರಲ್ಲಿ ನಿಲ್ಲದೆ ಓಡಬಹುದಾ?"

ಗೊತ್ತಿದ್ದೂ ಗೊತ್ತಿದ್ದೂ ಗಿರಾಕಿಗೆ ಸುಳ್ಳು ಹೇಳಿದ ಅಭ್ಯಾಸ ಅವನಿಗಿರಲಿಲ್ಲ.

"ಓಡಬಹುದು," ಎಂದ.