ಒಂದೇ ಪ್ಯಾಟಿಗೆ ಎರಡು ಮೆನು

ಚಿಕ್ಕವನಿದ್ದಾಗ ಅಮ್ಮ ಮುದ್ದಿಗೆ ಕರೆದ 'ಜಾಣಮರಿ' ಎಂಬ ಹೆಸರು ನಲವತ್ತು ದಾಟಿದ ಮೇಲೂ ಅವನನ್ನು ಬಿಡಲಿಲ್ಲ. ಅದರೊಳಗಿನ ಮುದ್ದು ಮಾತ್ರ ಎಂದೋ ಬಿಟ್ಟುಹೋಗಿತ್ತು. ಸೋಪು ಮಾರಿದ್ದ, ವಿಮೆ ಮಾರಿದ್ದ, ಕೂದಲು ಬೆಳೆಸುವ ಎಣ್ಣೆಯನ್ನು ಬೋಳುತಲೆಗೆ ಟೋಪಿ ಹಾಕಿಕೊಂಡು ಮಾರಿದ್ದ. ಯಾವುದೂ ಕೈಹತ್ತದೆ ಕೊನೆಗೆ ಅಕ್ಕನ ರೆಸ್ಟೋರೆಂಟಿಗೆ ಬಂದು, ಗಲ್ಲಾದ ಪಕ್ಕ ಕುರ್ಚಿ ಎಳೆದುಕೊಂಡು, ತಾನಿನ್ನು 'ಪ್ರಚಾರ ಸಲಹೆಗಾರ' ಎಂದ.

ಅಕ್ಕ ಆಗಷ್ಟೇ ಕೋಳಿ ಊಟದ ಜೊತೆಗೆ, ಸೋಯಾ, ಅಣಬೆ ಅರೆದು ಬಿಲ್ಲೆಯಂತೆ ತಟ್ಟಿ ಕಾಯಿಸಿ ಮಾಂಸವಿಲ್ಲದ ಪ್ಯಾಟಿ ಮಾಡಲು ಶುರುಮಾಡಿದ್ದಳು. ರುಚಿಯಾಗಿತ್ತು, ಆದರೆ ಖರ್ಚಾಗುತ್ತಿರಲಿಲ್ಲ. ರಸ್ತೆಯ ಒಂದು ತುದಿಗೆ ಒಂದು ಪಕ್ಷದ ಕಚೇರಿ, ಇನ್ನೊಂದು ತುದಿಗೆ ಅದರ ಎದುರಾಳಿಯದು. ಎರಡೂ ಕಡೆಯವರು ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದುದು ಇಲ್ಲಿಗೇ.

"ಅಕ್ಕಾ, ಜನ ನಾಲಿಗೆಯಿಂದ ತಿನ್ನಲ್ಲ, ಪಕ್ಷ ನೋಡಿ ತಿಂತಾರೆ," ಎಂದ ಜಾಣಮರಿ.

"ಹಸಿವಾಗಿ ತಿನ್ನೋರು ಯಾರೂ ಇಲ್ವೇನೋ?" ಎಂದಳು ಅಕ್ಕ.

ಅವನು ಕೇಳಲಿಲ್ಲ. ಎರಡು ಮೆನು ಕಾರ್ಡು ಅಚ್ಚು ಹಾಕಿಸಿದ. ಹಸಿರು ಕಾರ್ಡಿನಲ್ಲಿ 'ಭೂಮಿಯ ಕಣ್ಣೀರು ಒರೆಸುವ ತುತ್ತು'. ಕಂದು ಕಾರ್ಡಿನಲ್ಲಿ 'ಅಜ್ಜಂದಿರ ತಾಕತ್ತು, ನಮ್ಮದೇ ನೆಲದ ಬೆಳೆ'. ಅಜ್ಜಂದಿರು ಸೋಯಾದ ಮುಖ ನೋಡಿದ್ದರೋ ಇಲ್ಲವೋ, ಅದು ಅವನಿಗೆ ಬೇಕಿರಲಿಲ್ಲ. ಬಾಗಿಲಲ್ಲಿ ನಿಂತು ಬಂದವರ ಚೀಲ, ಚಪ್ಪಲಿ, ಮೀಸೆ ನೋಡಿ, ಅವರ ಮತ ಯಾರಿಗೆಂದು ತೀರ್ಮಾನಿಸಿ ಕಾರ್ಡು ಕೊಡುತ್ತಿದ್ದ. ಬಟ್ಟೆಯ ಚೀಲಕ್ಕೆ ಹಸಿರು, ಗರಿಗರಿ ಇಸ್ತ್ರಿಗೆ ಕಂದು. ನಲ್ಲಿ ರಿಪೇರಿಗೆ ಬಂದವನ ಕೈಗೂ ಒಂದು ತುರುಕಿದ. ಪ್ಯಾಟಿ ಖರ್ಚಾಗತೊಡಗಿತು. ಅಕ್ಕ ಸುಮ್ಮನಾದಳು. ಇವನು ನೆಲಕ್ಕೆ ಕಾಲೂರುವುದನ್ನೇ ಮರೆತ.

ಒಂದು ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ಮಗಳ ಜೊತೆ ಬಂದರು. ಚುನಾವಣೆಯ ವಿಷಯಕ್ಕೆ ಮುನಿಸಿಕೊಂಡು ಮಾತು ಬಿಟ್ಟಿದ್ದ ಇಬ್ಬರನ್ನೂ ಮೇಷ್ಟ್ರ ಹೆಂಡತಿ ಬಯ್ದು ಊಟಕ್ಕೆ ಕಳಿಸಿದ್ದಳು. ಜಾಣಮರಿ ಅಪ್ಪನಿಗೆ ಕಂದು, ಮಗಳಿಗೆ ಹಸಿರು ಕೊಟ್ಟ. ಇಬ್ಬರೂ ಬೇರೆಬೇರೆಯಾಗಿ ಆರ್ಡರ್ ಮಾಡಿದರು. ಬಂದ ತಟ್ಟೆಗಳನ್ನು ನೋಡಿದ ಮೇಷ್ಟ್ರು ಬಹಳ ದಿನದ ಮೇಲೆ ಬಾಯಿಬಿಟ್ಟರು.

"ನಿಂದು ಸ್ವಲ್ಪ ಕೊಡು."

ಮಗಳು ಕೊಟ್ಟಳು, ಅವರದನ್ನೂ ಮುರಿದು ತಿಂದಳು. ಆಮೇಲೆ ಕಾರ್ಡುಗಳೂ ಕೈ ಬದಲಾದವು. ಮೇಷ್ಟ್ರು ಜಾಣಮರಿಯನ್ನು ಕರೆದರು.

"ನನ್ನದರಲ್ಲಿ ಅಜ್ಜಂದಿರು, ಇವಳದರಲ್ಲಿ ಭೂಮಿ. ತಟ್ಟೇಲಿ ಇರೋದು ಯಾರಪ್ಪ?"

"ಪ್ಯಾಟಿ ಒಂದೇ ಸರ್. ಭಾವನೆ ಬೇರೆ."

"ಕಿವಿ ಮೇಲೆ ಹೂವಿಡೋದಾದ್ರೆ ಇಬ್ಬರಿಗೂ ಒಂದೇ ಹೂವಿಡಿ," ಎಂದಳು ಮಗಳು. "ಮನೇಲಿ ಜಗಳಕ್ಕೆ ನಮಗೆ ಬೇರೆ ವಿಷಯ ಇದೆ."

ಮೇಷ್ಟ್ರು ಜೋರಾಗಿ ನಕ್ಕರು, ಮಗಳೂ ನಕ್ಕಳು. ಪಕ್ಕದ ಮೇಜಿನವರು ಅದರ ಪಕ್ಕದವರ ಕಾರ್ಡು ಇಸಿದುಕೊಂಡು ಗಟ್ಟಿಯಾಗಿ ಓದತೊಡಗಿದರು. ಒಬ್ಬರನ್ನೊಬ್ಬರು ಕಂಡರೆ ಮುಖ ತಿರುಗಿಸುತ್ತಿದ್ದ ಎರಡು ಪಕ್ಷದವರೂ ಅಂದು ಒಟ್ಟಾಗಿ ಒಬ್ಬನನ್ನು ನೋಡಿ ನಕ್ಕರು.

ಸದ್ದಿಗೆ ಅಕ್ಕ ಅಡುಗೆಮನೆಯಿಂದ ಹೊರಬಂದಳು. ಕಾರ್ಡುಗಳನ್ನೆಲ್ಲ ಬಾಚಿಕೊಂಡು ಕಸದ ಡಬ್ಬಿಗೆ ಸುರಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಒಂದು ದಿನವಾದ್ರೂ ಈ ಪ್ಯಾಟಿ ತಿಂದಿದೀಯೇನೋ?"

"ಥೂ, ನಂಗೆ ಅಣಬೆ ಆಗಲ್ಲ," ಎಂದ.

"ಹಾಗಾದ್ರೆ ಒಳಗೆ ಹೋಗಿ ಅಣಬೆ ಹೆಚ್ಚು. ಅದಕ್ಕೆ ಭಾವನೆ ಬೇಡ."

ಹೆಚ್ಚಲು ಅವನು ನಿಲ್ಲಲಿಲ್ಲ. ಗೋಡೆಯ ಹಲಗೆಯ ಮೇಲೆ ಅಕ್ಕ 'ಸೋಯಾ ಅಣಬೆ ಪ್ಯಾಟಿ' ಎಂದಷ್ಟೇ ಬರೆದಳು. ಕೆಲವರು ಕೇಳಿ ತಿನ್ನುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಜಾಣಮರಿ ಈಗ ಒಂದು ತುದಿಯ ಪಕ್ಷಕ್ಕೆ ಘೋಷಣೆ ಬರೆದುಕೊಡುತ್ತಾನೆ. ಇನ್ನೊಂದು ತುದಿಗೂ ಬರೆಯುತ್ತಾನೆಂದು ಅಕ್ಕನಿಗೆ ಗುಮಾನಿ. ಊಟಕ್ಕೆ ಮಾತ್ರ ಇಲ್ಲಿಗೇ ಬರುತ್ತಾನೆ, ಕೋಳಿ ತರಿಸಿಕೊಳ್ಳುತ್ತಾನೆ.