ಒದ್ದೆ ಸೀರೆಯ ಪ್ರಶ್ನೆ

ಹಾನಗಲ್ಲಿನ ನಮ್ಮ ಮನೆಯ ಹಿತ್ತಿಲ ಬಾವಿಗೆ ಮೋಟರ್ ಕೂಡಿಸಿದ ವರ್ಷ ನನಗೆ ಅದರ ಗಡಗಡಿಯ, ಆ ಕಬ್ಬಿಣದ ರಾಟೆಯ, ಭಯ ಹತ್ತಿತು. ಬೆಳಗಿನ ಜಾವ ಅತ್ತೆಯವರು ಬಾವಿಗೆ ಕೊಡ ಬಿಟ್ಟು ಸೇದಲು ಶುರುಮಾಡಿದರೆ ಗಡಗಡಿ ಒಂದೇ ಸಮನೆ ಕಿರ್ರೆನ್ನುತ್ತಿರಬೇಕು. ನಡುವೆ ಸದ್ದು ನಿಂತಿತೋ, ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದ ನಾನು ಎದ್ದು ಹಿತ್ತಿಲಿಗೆ ಇಣುಕುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ನಮ್ಮವರು ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಮಾವನವರು ತೀರಿಕೊಂಡ ಮೇಲೆ ಅತ್ತೆಯವರ ಮಡಿ ಇನ್ನಷ್ಟು ಬಿಗಿಯಾಗಿತ್ತು.

ಮೋಟರಿನ ನೀರು ನಮ್ಮ ಸ್ನಾನಕ್ಕೆ, ಬಟ್ಟೆಗೆ. ಪೈಪಿನಿಂದ ಬಂದ ನೀರು ದೇವರಿಗೂ ಅಡಿಗೆಗೂ ಬರುವುದಿಲ್ಲ ಎಂದು ಅತ್ತೆಯವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಅವರು ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ನೀರು ಸೋರುವ ಸೀರೆಯಲ್ಲೇ ಬಂದು, ತಾಮ್ರದ ಕೊಡದಿಂದ ತಾವೇ ಸೇದಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ನಮ್ಮವರು ಮೋಟರ್ ಹಚ್ಚಿ ತೊಟ್ಟಿ ತುಂಬಿಸುತ್ತಿದ್ದರು. ಗಡಗಡಿ ತೂಗುಹಾಕಿದ, ಕೊಡ ಎತ್ತಿಕೊಳ್ಳುವಾಗ ಅತ್ತೆಯವರು ಹಿಡಿದು ಬಗ್ಗುತ್ತಿದ್ದ ಕಬ್ಬಿಣದ ಕಂಬಕ್ಕೇ ಮೋಟರಿನ ಕಬ್ಬಿಣದ ಪೈಪನ್ನು ತಂತಿಯಿಂದ ಬಿಗಿದಿದ್ದರು. ಆಗ ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಒಂದು ಬೆಳಿಗ್ಗೆ ಗಡಗಡಿ ನಿಂತಾಗ ಇಣುಕಿ ನೋಡಿದೆ. ಅತ್ತೆಯವರು ಕಂಬದಿಂದ ಕೈ ಕಿತ್ತುಕೊಂಡು, ಕೊಡ ಅಲ್ಲೇ ಬಿಟ್ಟು, ಕೈಮುಗಿದು ನಿಂತಿದ್ದರು. ಆಮೇಲೆ ಮತ್ತೆ ಬಚ್ಚಲಿಗೆ ಹೋಗಿ ಮತ್ತೆ ತಲೆಯ ಮೇಲೆ ನೀರು ಸುರಿದುಕೊಂಡರು.

"ಏನಾತ್ರಿ ಅತ್ಯಾರ?" ಎಂದು ದೂರದಿಂದಲೇ ಕೇಳಿದೆ.

"ಕೈಯಾಗ ಜುಮ್ ಅಂತದ. ಎಲ್ಲೋ ಮೈಲಿಗಿ ಆಗಿರಬೇಕು. ದೇವರು ಎಚ್ಚರ ಮಾಡ್ತಾನ. ನೀ ಯಾರ ಮುಂದೂ ಆಡಬ್ಯಾಡ."

ಇದು ಒಂದು ದಿನದ್ದಾಗಿರಲಿಲ್ಲ. ಜುಮ್ ಎಂದಾಗಲೆಲ್ಲ ಅವರು ಇನ್ನೊಂದು ಸಲ ಮೈ ತೋಯಿಸಿಕೊಂಡು ಅದೇ ಕಂಬ ಹಿಡಿಯುತ್ತಿದ್ದರು. ಅದನ್ನು ಕಂಡ ದಿನದಿಂದ ನನ್ನ ಜೀವದಲ್ಲಿ ಜೀವ ಇರಲಿಲ್ಲ. ನನಗೆ ಕರೆಂಟಿನ ವಿಷಯ ಏನೂ ಗೊತ್ತಿರಲಿಲ್ಲ. ಆದರೆ ಮೋಟರ್ ಬರುವ ಮೊದಲು ದೇವರು ಹೀಗೆ ಎಚ್ಚರಿಸಿದ್ದನ್ನು ನಾನು ಕಂಡಿರಲಿಲ್ಲ.

ನಮ್ಮವರಿಗೆ ಹೇಳಿದೆ. ಅವರು ಮಧ್ಯಾಹ್ನ ಬಿಸಿಲಲ್ಲಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಮೋಟರ್ ಹಚ್ಚಿ, ಕಂಬ ಹಿಡಿದರು. "ನನಗೇನೂ ಹೊಡೀಲಿಲ್ಲ ನೋಡು" ಎಂದರು. ನಾನೂ ಹಿಡಿದು ನೋಡಿದೆ, ಏನೂ ಇಲ್ಲ. ವಯಸ್ಸಾದವರಿಗೆ ನರಗಳ ಶಕ್ತಿ ಕುಂದುತ್ತದೆ ಎಂದು ದವಾಖಾನೆಯಿಂದ ಗುಳಿಗೆ ತಂದರು. ಅತ್ತೆಯವರು ಗುಳಿಗೆಯನ್ನು ತುಳಸಿಕಟ್ಟೆಯ ಹಿಂದೆ ಎಸೆದರು.

ನಾನು ಬಿಡಲಿಲ್ಲ. ದಿನಾ ತಲೆ ತಿಂದೆ. ಕಡೆಗೆ ನಮ್ಮವರು ಮೋಟರ್ ವೈಂಡಿಂಗ್ ಅಂಗಡಿಯ ಕಟ್ಟೆಗೆ ಹೋಗಿ ಕೇಳಿಕೊಂಡು ಬಂದರು. ಬಸ್‌ಸ್ಟ್ಯಾಂಡಿನ ಹತ್ತಿರದ ಆ ಕಟ್ಟೆಯನ್ನು ಊರಲ್ಲಿ ಅರಿಯದವರಿಲ್ಲ. ಸಂಜೆಯಾದರೆ ಸುತ್ತಲಿನ ಹಳ್ಳಿಗಳಿಂದ ಪಂಪು, ರೇಡಿಯೋ, ಹಿಟ್ಟಿನ ಗಿರಣಿ, ಏನು ಕೆಟ್ಟರೂ ಅಲ್ಲಿಗೆ ಬಂದು ಪ್ರಶ್ನೆ ಕೇಳುತ್ತಿದ್ದರು. ಕಟ್ಟೆಯ ಮೇಲೆ ಕುಂತವರೆಲ್ಲ ಉತ್ತರ ಹೇಳುವವರೇ. ಅಲ್ಲಿ ಒಂದು ಪದ್ಧತಿ ಇತ್ತು: ಯಾರು ಮೊದಲು ಬಾಯಿ ತೆರೆಯುತ್ತಾರೋ ಅವರೇ ಜಾಣರು, ನನಗೆ ತಿಳಿಯದು ಎಂದವನು ಮರುದಿನದಿಂದ ಕೆಳಗೆ ನಿಲ್ಲಬೇಕು. ಕೇಳುವವನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಉತ್ತರ ತಯಾರು. ಶಾಲೆಯಿಂದ ಬರುವಾಗ ಆ ಗದ್ದಲ ಕೇಳಿ ನನಗೆ ಮೈ ಉರಿಯುತ್ತಿತ್ತು. ನಮ್ಮ ಎರಡನೆಯ ಇಯತ್ತೆಯ ಹುಡುಗಿಯರು ಸಹ ಪ್ರಶ್ನೆ ಮುಗಿದ ಮೇಲೆ ಕೈ ಎತ್ತುತ್ತಿದ್ದರು.

ನಮ್ಮವರು ತಂದ ಉತ್ತರ ಇಷ್ಟು: ಹೊಸ ಮೋಟರ್ ಎಂದರೆ ಸ್ವಲ್ಪ ದಿನ ಹಾಗೇ, ಆಮೇಲೆ ತಾನೇ ಹೋಗುತ್ತದೆ. ಜೊತೆಗೆ, ಫ್ಯೂಸ್ ಹಾರಿದರೆ ದಪ್ಪ ತಂತಿ ಸುತ್ತಿ ಹಾಕಿಕೊಳ್ಳುವುದು ಹೇಗೆಂದೂ ಕಲಿಸಿ ಕಳಿಸಿದ್ದರು. ಕೇಳದೇ ಇದ್ದದ್ದಕ್ಕೂ ಉತ್ತರ ಕೊಟ್ಟಿದ್ದರು ಪುಣ್ಯಾತ್ಮರು.

ಮರುದಿನ ಏಕಾದಶಿ. ಅತ್ತೆಯವರು ನೀರೂ ಕುಡಿಯದೆ ಉಪವಾಸ ಮಾಡುವವರು. ಬೆಳಿಗ್ಗೆ ದೇವರ ನೀರು ಸೇದುತ್ತ ಕಂಬ ಹಿಡಿದಾಗ ಅವರ ಬಾಯಿಂದ ಸಣ್ಣ ಸದ್ದೊಂದು ಬಂತು. ಅಂಥ ಸದ್ದು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಶಾಲೆಯಲ್ಲಿ ದಿನವಿಡೀ ಅದೇ ಕಿವಿಯಲ್ಲಿ ಕುಂತಿತ್ತು. ಸಂಜೆ ಮನೆಯ ದಾರಿ ಬಿಟ್ಟು ನಾನೇ ಕಟ್ಟೆಯ ಮುಂದೆ ಹೋಗಿ ನಿಂತೆ. ಆ ಕಾಲಕ್ಕೆ ನಮ್ಮ ಮನೆತನದ ಸೊಸೆ ಅಲ್ಲಿ ನಿಲ್ಲುವುದು ಸಣ್ಣ ಮಾತಾಗಿರಲಿಲ್ಲ.

ಹತ್ತಿಮತ್ತೂರಿನ ರೈತರೊಬ್ಬರು ತಮ್ಮ ಪಂಪಿನ ಕಥೆ ಮುಗಿಸುವ ತನಕ ಕಾದು, ನನ್ನ ಪ್ರಶ್ನೆ ಶುರುಮಾಡಿದೆ. "ನಮ್ಮ ಅತ್ತಿಯವರಿಗೆ ಬಾವಿ ಹತ್ರ..." ಎನ್ನುವಷ್ಟರಲ್ಲಿ ಒಬ್ಬರು, "ನಿಮ್ಮ ಯಜಮಾನ್ರಿಗೆ ಹೇಳೇವಲ್ರಿ, ಹೊಸಾದು ಹಂಗ ಇರತೈತಿ" ಎಂದರು. ಇನ್ನೊಬ್ಬರು, "ಮುಂಜಾನೆ ಅಷ್ಟ ಕರೆಂಟ್ ಹೊಡದು ಮಧ್ಯಾಹ್ನ ಸುಮ್ನ ಇರತೈತಿ ಅಂದ್ರ, ಅದೇನು ಹೊತ್ತು ನೋಡಿ ಕೆಲಸಕ್ಕ ಹೋಗತೈತೇನ್ರಿ?" ಎಂದರು. ಎಲ್ಲರೂ ನಕ್ಕರು. ನನ್ನ ಕಣ್ಣು ತುಂಬಿ ಬಂತು. ಸಿಟ್ಟಿಗೋ ಹೆದರಿಕೆಗೋ ನನಗೇ ಗೊತ್ತಾಗಲಿಲ್ಲ.

ಕಟ್ಟೆಯ ತುದಿಯಲ್ಲಿ ಕರೆಂಟ್ ಆಫೀಸಿನ ಇಂಜಿನಿಯರ್ ಒಬ್ಬರು ಕುಂತಿದ್ದರು. ಊರಿಗೆ ಹೊಸಬರು. ಹಿರೇಕೆರೂರಿನ ಬಸ್ಸಿಗೆ ಕಾಯುತ್ತಿದ್ದರಂತೆ. ಅಷ್ಟು ಹೊತ್ತೂ ಯಾವ ಪ್ರಶ್ನೆಗೂ ಬಾಯಿ ತೆರೆದಿರಲಿಲ್ಲ.

"ಅವರದು ಇನ್ನೂ ಮುಗಿದಿಲ್ಲ" ಎಂದರು. "ಮೊದಲಿಂದ ಹೇಳ್ರಿ ಅಕ್ಕಾರ."

ಹೇಳಿದೆ. ಅವರು ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಕೇಳಿದರು, "ಬ್ಯಾರೆ ಯಾರಿಗರ ಹಂಗ ಆಗೇತೇನ್ರಿ?"

"ಇಲ್ರಿ. ನಮ್ಮವರು ನೋಡ್ಯಾರ, ನಾ ನೋಡೇನಿ."

"ಆ ಹೊತ್ತಿನ್ಯಾಗ ನಿಮ್ಮ ಅತ್ತಿಯವರು ಏನು ಉಟ್ಟಿರ್ತಾರ್ರಿ?"

ಕಟ್ಟೆಯ ಮೇಲಿನವರೆಲ್ಲ ಅವರತ್ತ ತಿರುಗಿದರು. ಪರ ಹೆಣ್ಣುಮಗಳಿಗೆ ಕೇಳುವ ಮಾತೇ ಇದು? ನನ್ನ ಕಿವಿ ಬಿಸಿಯಾದವು. ಹಿರಿಯರೊಬ್ಬರು, "ಸಾಹೇಬ್ರ, ಹೆಣ್ಮಕ್ಕಳ ಉಡುಗಿ ವಿಚಾರ ನಮಗ್ಯಾಕರಿ" ಎಂದೂ ಅಂದರು. ಆ ಇಂಜಿನಿಯರ್ ಅವರತ್ತ ತಿರುಗಲಿಲ್ಲ. ನೆಲ ನೋಡುತ್ತಲೇ ನನ್ನ ಉತ್ತರಕ್ಕೆ ಕಾದರು. ಅವರ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ.

"ಒದ್ದಿ ಸೀರಿ ಉಟ್ಟಿರ್ತಾರ್ರಿ" ಎಂದೆ. "ಮಡಿಯೊಳಗ ಇರ್ತಾರ."

"ಕಾಲಾಗ?"

"ಬರಿಗಾಲು."

ಅವರು ಎದ್ದು ನಿಂತರು. ಮುಖದ ಬಣ್ಣವೇ ಬದಲಾಗಿತ್ತು. ಅಲ್ಲಿಯವರೆಗೆ ಹೆದರಿದ್ದವಳು ನಾನೊಬ್ಬಳೇ. ಈಗ ತಿಳಿದವರೊಬ್ಬರು ಹೆದರಿದ್ದರು.

"ಏನ ಕೆಟ್ಟೈತಿ ಅನ್ನೂದು ಇಲ್ಲಿ ಕುಂತು ನನಗ ಹೇಳಾಕ ಬರೂದಿಲ್ರಿ, ನೋಡಬೇಕಾಗತೈತಿ. ಈಗ ನಾ ಹೋಗ್ಲೇಬೇಕು, ಅಲ್ಲಿ ಲೈನ್ ಹರಿದು ಬಿದ್ದೈತಿ. ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಬರ್ತೇನಿ. ನಾ ನೋಡೂತನಕ ಮೋಟರ್ ಹಚ್ಚಬ್ಯಾಡ್ರಿ. ಮನಿಗೆ ಹೋದ ಕೂಡ್ಲೇ ಫ್ಯೂಸ್ ಕಿತ್ತು ಇಟ್ಕೊಳ್ರಿ." ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು. "ಇನ್ನೊಂದು ಮಾತ್ರಿ. ಅಕಸ್ಮಾತ್ ಯಾರರ ಸಿಕ್ಕೊಂಡ್ರ ಅವರನ್ನ ಮುಟ್ಟಬ್ಯಾಡ್ರಿ. ಒಣಾ ಕಟಗಿಲೆ ಕೈ ಬಿಡಸ್ರಿ."

ಮಡಿಯಲ್ಲಿದ್ದ ಅತ್ತೆಯವರನ್ನು ಹೇಗೂ ಯಾರೂ ಮುಟ್ಟುವಂತಿರಲಿಲ್ಲ. ಅವರಿಗೆ ಮನೆಯ ಗುರುತಷ್ಟೇ ಹೇಳಿದೆ.

ಮನೆಗೆ ಹೋದವಳೇ ಮೋಟರಿನ ಬಿಳಿ ಪಿಂಗಾಣಿಯ ಫ್ಯೂಸ್ ಕಿತ್ತು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟು ಕೀಲಿ ಹಾಕಿದೆ. ನಮ್ಮವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರ ಕಿವಿಗೆ ಬಿದ್ದದ್ದು ಒಂದೇ.

"ನಾಲ್ಕು ಮಂದ್ಯಾಗ ನಮ್ಮವ್ವ ಏನು ಉಡ್ತಾಳ ಅಂತ ಮಾತಾಡಿ ಬಂದಿ?"

"ಜೀವಕ್ಕ ಅಪಾಯ ಅದ ಅಂದಾರ್ರಿ ಅವರು."

"ಏನ ಕೆಟ್ಟದ ಅಂತ ಹೇಳಲಿಕ್ಕೆ ಬರೂದಿಲ್ಲ ಅಂತನೂ ಅವರ ಅಂದಾರಲ್ಲ. ಗೊತ್ತಿಲ್ಲದವರ ಮಾತು ಏನು ಹಿಡೀತಿ? ಕಟ್ಟಿ ಮ್ಯಾಲಿನವ್ರು ಕೇಳಿದ ಕೂಡ್ಲೇ ಹೇಳಿದ್ರು."

ತಡವರಿಸದೆ ಹೇಳಿದ್ದೇ ಖರೆ ಎಂದು ನಂಬುವವರು ನಮ್ಮವರು. ಕೀಲಿಕೈಯನ್ನು ಮಂಗಳಸೂತ್ರಕ್ಕೆ ಪಿನ್ನಿನಿಂದ ಸಿಗಿಸಿಕೊಂಡು ಮಲಗಿದೆ.

ದ್ವಾದಶಿಯ ಬೆಳಗು ನಮ್ಮಲ್ಲಿ ಬೇಗ ಆಗುತ್ತದೆ. ಹಿಂದಿನ ದಿನದ ಉಪವಾಸ ಬಿಡಬೇಕು, ಅಡಿಗೆ ಸೂರ್ಯ ಏರುವ ಮೊದಲೇ ಆಗಬೇಕು. ನಾನು ಬಚ್ಚಲ ಒಲೆಯ ಮುಂದಿದ್ದೆ. ಗಡಗಡಿ ತಿರುಗತೊಡಗಿತು. ಮೋಟರಿನ ಸದ್ದಿಲ್ಲ ಎಂದು ನೆಮ್ಮದಿಯಿಂದ ಊದುಗೊಳವೆ ಎತ್ತಿದೆ. ಅಷ್ಟರಲ್ಲಿ ಹಿತ್ತಿಲಿನಿಂದ ಗುಂಯ್ ಎಂದು ಸದ್ದು ಬಂತು. ಫ್ಯೂಸ್ ನನ್ನ ಟ್ರಂಕಿನಲ್ಲಿದೆ, ಕೀಲಿ ನನ್ನ ಕೊರಳಲ್ಲಿದೆ, ಮೋಟರ್ ಹೇಗೆ ಓಡುತ್ತಿದೆ? ಕಟ್ಟೆಯ ಮೇಲೆ ಕಲಿತುಬಂದಿದ್ದ ವಿದ್ಯೆ. ನಮ್ಮವರು ಫ್ಯೂಸಿನ ಜಾಗಕ್ಕೆ ದಪ್ಪ ತಂತಿಯನ್ನೇ ಸಿಗಿಸಿದ್ದರು.

ಗಡಗಡಿ ನಿಂತಿತು.

ಓಡಿದೆ. ಅತ್ತೆಯವರು ಕಂಬ ಹಿಡಿದುಕೊಂಡೇ ಇದ್ದರು. ಕೈ ಕೀಳುತ್ತಿರಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಕಣ್ಣು ನನ್ನನ್ನೇ ನೋಡುತ್ತಿದ್ದವು. ನನ್ನ ಎರಡೂ ಕೈ ಅವರತ್ತ ಹೋದವು. ಮುಟ್ಟಬ್ಯಾಡ್ರಿ ಎಂಬ ಮಾತು ನೆನಪಾಗಿ ಅಲ್ಲೇ ನಿಂತೆ. ಆ ಒಂದು ಗಳಿಗೆಯಷ್ಟು ಹೆದರಿಕೆಯನ್ನು ನಾನು ಆಮೇಲೆ ಹೆರಿಗೆಯಲ್ಲೂ ಕಾಣಲಿಲ್ಲ. ಒಣ ಕಟ್ಟಿಗೆ ಎಲ್ಲಿದೆ? ಒಲೆಯ ಹತ್ತಿರದ್ದು ಗೇಣುದ್ದದ ಚಕ್ಕೆ, ಹಿತ್ತಿಲಲ್ಲಿದ್ದದ್ದೆಲ್ಲ ಇಬ್ಬನಿಗೆ ತೊಯ್ದಿತ್ತು. ಒಳಗೆ, ದೇವರಮನೆಯ ಬಾಗಿಲಲ್ಲಿ ಗೂಟಕ್ಕೆ ತೂಗುಹಾಕಿದ ಮಡಿಕೋಲು ಕಂಡಿತು. ಮಡಿ ಬಟ್ಟೆಯನ್ನು ಮೇಲಿನ ಗಳಕ್ಕೆ ಹಾಕಲು, ಇಳಿಸಲು ಇದ್ದ ಬಿದಿರಿನ ಕೋಲು. ಮದುವೆಯಾಗಿ ಬಂದಂದಿನಿಂದ ಸ್ನಾನವಾಗದೆ ನಾನು ಅದನ್ನು ಮುಟ್ಟಿರಲಿಲ್ಲ.

ಕಿತ್ತುಕೊಂಡು ಬಂದೆ. ಅತ್ತೆಯವರ ಮುಂಗೈಗೆ ಹೊಡೆದೆ. ಕೈ ಬಿಡಲಿಲ್ಲ. ಅಳುತ್ತ ಇನ್ನೊಮ್ಮೆ ಜೋರಾಗಿ ಹೊಡೆದೆ. ಅವರು ಕಲ್ಲಿನ ಮೇಲೆ ಬಿದ್ದರು, ಕೊಡ ಹಗ್ಗದ ಸಮೇತ ಬಾವಿಯೊಳಗೆ ಬಿತ್ತು. ನಾನು ಚೀರಿದ್ದಕ್ಕೆ ನಮ್ಮವರು ಓಡಿ ಬಂದು, ನೋಡಿ, ಮತ್ತೆ ಒಳಗೋಡಿ ಮೇನ್ ಬಂದ್ ಮಾಡಿದರು. ಆಮೇಲೆ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಂತುಬಿಟ್ಟರು. ಮಡಿ, ಮೈಲಿಗೆ ಯಾರಿಗೂ ನೆನಪಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಅತ್ತೆಯವರು ಉಸಿರು ಎಳೆದುಕೊಂಡು ಮಾತಾಡಿದರು. "ಮಡಿಕೋಲು ಮುಟ್ಟಿದೇನ?"

"ಹೂಂ ರೀ."

ಅವರು ಕಣ್ಣು ಮುಚ್ಚಿದರು. ಅಂಗೈಯಲ್ಲಿ ಸುಟ್ಟ ಗೆರೆ ಎದ್ದಿತ್ತು.

ಇಂಜಿನಿಯರ್ ಹೇಳಿದಂತೆ ಮೊದಲನೇ ಬಸ್ಸಿಗೇ ಬಂದರು. ಒಂದೊಂದಾಗಿ ಬಿಚ್ಚಿ ನೋಡಿ, ಮೋಟರಿನೊಳಗೆ ತಂತಿಯ ಹೊದಿಕೆ ಸುಟ್ಟು ಹೋದದ್ದನ್ನು ತೋರಿಸಿದರು. ಕಬ್ಬಿಣದ ಕಂಬದಲ್ಲಿ ಕರೆಂಟ್ ದಿನಾ ಇರುತ್ತಿತ್ತು, ಮೈ ಒಣಗಿದ್ದವರಿಗೆ ತಿಳಿಯುತ್ತಿರಲಿಲ್ಲ, ತೊಯ್ದವರನ್ನು ಹಿಡಿಯುತ್ತಿತ್ತು. ಫ್ಯೂಸಿನ ಜಾಗದ ದಪ್ಪ ತಂತಿಯನ್ನೂ ಕಂಡರು. ಯಾರು ಹಾಕಿದ್ದು ಎಂದು ಕೇಳಲಿಲ್ಲ. ಬಿಚ್ಚಿ ತಮ್ಮ ಕಿಸೆಗೆ ಹಾಕಿಕೊಂಡು, "ಇನ್ನ ಮುಂದ ಹಿಂಗ ಬ್ಯಾಡ್ರಿ" ಎಂದಷ್ಟೇ ಅಂದರು. ನಮ್ಮವರ ತಲೆ ಮೇಲೇಳಲಿಲ್ಲ. ನಾನಾಗಿದ್ದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ.

ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ಅತ್ತೆಯವರು ಅವರನ್ನು ಕರೆದರು. ಹೊರಗಿನ ಗಂಡಸರೊಡನೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಒಂದು ಕೇಳ್ತೀನಿ, ಖರೇ ಹೇಳಪಾ. ಇಷ್ಟು ದಿನಾ ಜುಮ್ ಅಂತಿತ್ತಲ್ಲ, ಅದು ದೇವರು ಎಚ್ಚರ ಮಾಡಿದ್ದೋ, ಬರೇ ಕರೆಂಟೋ?"

ನಮ್ಮವರು ಬಾಯಿ ತೆರೆದರು. ನಾನು ಅವರನ್ನು ನೋಡಿದ ನೋಟಕ್ಕೆ ಮುಚ್ಚಿಕೊಂಡರು. ಇಂಜಿನಿಯರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಅವರತ್ತ ತಿರುಗಿದರು.

"ಕರೆಂಟ್ ಕಂಬಕ್ಕ ಹೆಂಗ ಬಂತು ಅನ್ನೂದು ಹೇಳ್ತೇನ್ರಿ ಅವ್ವಾರ" ಎಂದರು. "ನೀವು ಕೇಳಿದ್ದು ನನಗ ಗೊತ್ತಿಲ್ರಿ."

ಅತ್ತೆಯವರು ಅವರ ಮುಖವನ್ನೇ ನೋಡುತ್ತ, "ಗೊತ್ತಿಲ್ಲ ಅಂದಿಯಲ್ಲಾ, ಇನ್ನ ನೀ ಹೇಳಿದ್ದು ನಂಬತೀನಿ" ಎಂದರು. ಆಮೇಲೆ, ಎಲ್ಲಿ ಕೈ ಇಡಬಾರದು, ಯಾವಾಗ ಇಡಬಾರದು ಎಂದು ಒಂದೊಂದೇ ಕೇಳಿ ತಿಳಿದುಕೊಂಡರು.

ಇಂಜಿನಿಯರ್ ಹೋದ ಮೇಲೆ ನಾನು ಮಡಿಕೋಲನ್ನು ತೊಳೆದು ಒಳಗೆ ತರುತ್ತಿದ್ದೆ. ಅತ್ತೆಯವರು ಚಾಪೆಯಿಂದಲೇ ಕೈ ಎತ್ತಿ ತಡೆದರು.

"ಅದನ್ನ ಒಳಗ ತರಬ್ಯಾಡ. ಬಾವಿ ಹತ್ರ, ಸೂರಿನ ಕೆಳಗ ಇಡು. ತೊಯ್ಯಬಾರದು."

"ಮತ್ತ ಮಡಿಗೆ, ಅತ್ಯಾರ?"

"ಮಡಿಗೆ ಬ್ಯಾರೆ ತರಸೋಣು. ಇದು ಯಾರ ಬೇಕಾದ್ರೂ ಮುಟ್ಟೂಹಂಗ ಇರ್ಲಿ."